ಮೂರನೆಯ ಮೊಳೆ

ಸುದ್ದಿ ಬಂದದ್ದು ಮಧ್ಯಾಹ್ನದ ಚಹಾದ ಹೊತ್ತಿಗೆ. ಕಾಡಿನ ಬೆಂಕಿ ಆರಿಸುವ ವಿಮಾನಗಳ ಶೆಡ್ಡಿನಲ್ಲಿ ಹಿರಿಯ ಮೆಕ್ಯಾನಿಕ್ಕು ನಾಲ್ಕನೆಯ ವಿಮಾನದ ನೀರಿನ ತೊಟ್ಟಿಯ ಬಾಗಿಲಿಗೆ ಹೊಸ ರಬ್ಬರು ಕೂರಿಸುತ್ತಿದ್ದರು. ವಸಂತ ಕಾಲಿಟ್ಟಿತ್ತು, ಇನ್ನು ಹತ್ತು ದಿನಕ್ಕೆ ಕಾಡೆಲ್ಲ ಒಣಗಿ ಕಡ್ಡಿಯಾಗುತ್ತಿತ್ತು. ಮೇಲ್ವಿಚಾರಕ ಬಾಗಿಲಲ್ಲೇ ನಿಂತ.

"ದೊಡ್ಡಣ್ಣ, ಕೆಳಗೆ ಬನ್ನಿ."

"ಇದೊಂದು ತಿರುಪು ಬಿಗಿ ಮಾಡಿ ಬರ್ತೀನಿ. ಯಾಕಪ್ಪ?"

"ಮೂರನೇದು ಬಿತ್ತು. ನಿಮ್ಮ ತಮ್ಮ ಉಳೀಲಿಲ್ಲ."

ದೊಡ್ಡಣ್ಣ ತಿರುಪನ್ನು ಪೂರ್ತಿ ಬಿಗಿ ಮಾಡಿಯೇ ಇಳಿದರು. ಯಾಕೆಂದು ಅವರಿಗೂ ತಿಳಿಯಲಿಲ್ಲ.

ತಮ್ಮ ಮೂರನೆಯ ವಿಮಾನ ಹಾರಿಸಿಕೊಂಡು ಹೋದದ್ದು, ತೊಟ್ಟಿ ತುಂಬಿಕೊಂಡು ಹೋಗಿ ಬಯಲಲ್ಲಿ ನೀರು ಸುರಿದು ಬರುವ ವರ್ಷದ ಮೊದಲ ಪರೀಕ್ಷೆಗೆ. ತಿಂಗಳುಗಟ್ಟಲೆ ನಿಂತ ವಿಮಾನದಲ್ಲಿ, ವೇಗ ಅಳೆಯುವ ಬೆರಳುದ್ದದ ಕೊಳವೆಯೊಳಗೆ ಹುಳು ಮಣ್ಣಿನ ಗೂಡು ಕಟ್ಟುತ್ತದೆ. ಅದಕ್ಕೆಂದು ಕೊಳವೆಗೆ ಕೆಂಪು ಪಟ್ಟಿಯ ಟೊಪ್ಪಿಗೆ ಹಾಕಿಡುತ್ತಿದ್ದರು. ಅದನ್ನು ತೆಗೆಯದೆ ಹಾರಿದರೆ ವೇಗ ಎಷ್ಟೆಂದು ಪೈಲಟ್ಟಿಗೆ ತಿಳಿಯದೆ ವಿಮಾನ ಬೀಳಬಹುದು. ಹಾರುವ ಮುಂಚೆ ಟೊಪ್ಪಿಗೆ ತೆಗೆದು, ಗೋಡೆಯಲ್ಲಿ ಆ ವಿಮಾನದ ಮೊಳೆಗೆ ನೇತುಹಾಕುವುದು ಇಪ್ಪತ್ತೆರಡು ವರ್ಷದಿಂದ ದೊಡ್ಡಣ್ಣನ ಕೆಲಸ.

ಮೂರನೆಯ ಮೊಳೆ ಖಾಲಿ ಇತ್ತು.

ಜೇಬು ತಡಕಿದರು. ಸಾಮಾನಿನ ಪೆಟ್ಟಿಗೆಯನ್ನು ನೆಲಕ್ಕೆ ಸುರಿದರು. ಸಿಗಲಿಲ್ಲ. ಬೆಳಗ್ಗೆ ಟೊಪ್ಪಿಗೆ ತೆಗೆಯಲೆಂದು ಮೂರನೆಯದರ ರೆಕ್ಕೆಯ ಮೇಲೆ ಕೈ ಇಟ್ಟಿದ್ದಾಗ, ನಾಲ್ಕನೆಯದರ ತೊಟ್ಟಿ ಸೋರುತ್ತಿದೆಯೆಂದು ಯಾರೋ ಕರೆದಿದ್ದರು. ಅತ್ತ ಹೋಗುತ್ತಿದ್ದಾಗಲೇ ತಮ್ಮ ಎದುರಾಗಿದ್ದ.

"ಅಣ್ಣ, ನೋಡಿದ್ದೀಯಾ?"

"ನೋಡಿದ್ದೀನಿ ಹೋಗೋ. ಬುತ್ತಿ ಮರೀಬೇಡ, ಆಮೇಲೆ ನನ್ನ ಡಬ್ಬಿಗೆ ಕೈ ಹಾಕ್ತೀಯ."

ಹಾರುವವನು ತಾನೇ ಒಂದು ಸುತ್ತು ಬಂದು ನೋಡಬೇಕೆಂಬುದು ನಿಯಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಮ್ಮ ಹಾಗೆಯೇ ನೋಡುತ್ತಿದ್ದ. ಒಂದು ದಿನ ದೊಡ್ಡಣ್ಣ ಎಲ್ಲರೆದುರು ರೇಗಿದ್ದರು: "ನಾನು ನೋಡಿದ ಮೇಲೂ ನೋಡ್ತೀಯಾ? ನಿನ್ನ ಮೂಗು ಒರೆಸಿ ಬೆಳೆಸಿದೋನು ನಾನು." ಎಲ್ಲರೂ ನಕ್ಕಿದ್ದರು. ಅಂದಿನಿಂದ ಅಣ್ಣ ನೋಡಿದ ವಿಮಾನವನ್ನು ತಮ್ಮ ಸುತ್ತಿ ನೋಡಲಿಲ್ಲ. ಅವನೊಬ್ಬನೇ ಅಲ್ಲ, ಯಾರೂ ನೋಡಲಿಲ್ಲ.

"ಎಲ್ಲಾ ಸುಟ್ಟುಹೋಗಿದೆ ದೊಡ್ಡಣ್ಣ, ಟೊಪ್ಪಿಗೆ ಯಾರಿಗೂ ಸಿಗಲ್ಲ," ಎಂದು ಮೇಲ್ವಿಚಾರಕ ತಗ್ಗಿದ ದನಿಯಲ್ಲಿ ಹೇಳಿದ.

"ನನಗೆ ಸಿಕ್ಕಿದೆಯಲ್ಲಪ್ಪ," ಎಂದರು ದೊಡ್ಡಣ್ಣ. ತನಿಖೆಗೆ ಬಂದವರೆದುರು ತಪ್ಪು ಒಪ್ಪಿಕೊಂಡರು. ಅಲ್ಲಿಂದ ತಮ್ಮನ ಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತು ಅದನ್ನೇ ಹೇಳಿದರು.

ತಮ್ಮನ ಹೆಂಡತಿ ಕೊನೆಯ ತನಕ ಕೇಳಿಸಿಕೊಂಡಳು. "ಭಾವ, ಅಣ್ಣ ನೋಡಿದ ಮೇಲೆ ದೇವರು ನೋಡಿದ ಹಾಗೆ ಅಂತಿದ್ರು ಅವರು," ಎಂದಳು. ಅಳಲಿಲ್ಲ, ಬೈಯಲಿಲ್ಲ, ಬಾಗಿಲು ಹಾಕಿಕೊಂಡಳು.

ವಾರ ಕಳೆಯಿತು. ದೂರದ ಗುಡ್ಡದಲ್ಲಿ ಹೊಗೆ ಎದ್ದಿತ್ತು. ತನಿಖೆ ಮುಗಿದಿರಲಿಲ್ಲ, ಕೆಲಸ ಬಲ್ಲ ಬೇರೆ ಕೈಯೂ ಇರಲಿಲ್ಲ. ಉಳಿದ ನಾಲ್ಕು ವಿಮಾನಗಳ ಟೊಪ್ಪಿಗೆ ತೆಗೆದು ಮೊಳೆಗೆ ಹಾಕಿ, ದೊಡ್ಡಣ್ಣ ಪೈಲಟ್ಟುಗಳೆದುರು ಕೈ ಮುಗಿದು ನಿಂತರು.

"ನಾನು ನೋಡಿದ್ದನ್ನ ಮತ್ತೆ ನೋಡ್ರಪ್ಪ. ಒಂದು ಸುತ್ತು ಬನ್ನಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೊಂದ ಹಿರಿಯನ ಕೆಲಸವನ್ನು ಅವರ ಕಣ್ಣೆದುರೇ ತಡಕಿ ನೋಡಲು ಯಾರಿಗೂ ಮನಸ್ಸಾಗಲಿಲ್ಲ.

"ನೀವು ನೋಡಿದ್ರೆ ಸಾಕು ದೊಡ್ಡಣ್ಣ," ಎಂದ ಒಬ್ಬ. ನಾಲ್ವರೂ ಹತ್ತಿ ಕುಳಿತರು.

ವಿಮಾನಗಳು ಹೊಗೆಯತ್ತ ಹೋದ ಮೇಲೆ ದೊಡ್ಡಣ್ಣ ಖಾಲಿ ಮೊಳೆಯ ಕೆಳಗೆ ಕುಳಿತರು. ಇನ್ನು ಯಾರಿಗೆ ಹೇಳುವುದು? ಕಣ್ಣು ಮುಚ್ಚಿದರು.

ದೇವರೇ, ನನ್ನ ಮಾತು ನಂಬಿ ಹೋದವನು ಈಗ ನಿನ್ನ ಹತ್ತಿರ ಬಂದಿದ್ದಾನೆ. ಒಂದು ಸಲ ಅವನನ್ನು ಸುತ್ತಿ ನೋಡು. ನನ್ನ ಹಾಗೆ ಅರ್ಧಕ್ಕೆ ಬಿಟ್ಟು ಹೋಗಬೇಡ. ಅವನ ಮೈ ಸುಟ್ಟ ಉರಿ ಅಲ್ಲಿಗಾದರೂ ಆರಲಿ. ಅವನ ಜೀವಕ್ಕೆ ತಂಪು ಕೊಡು, ಶಾಂತಿ ಕೊಡು.