ಹಿಂದಿನ ಸಾಲಿನಲ್ಲಿ ಒಂದು ಜಾಗ

"ನಮ್ ಡಾನ್ಸ್ ತಂಡದ ಹಿಂದಿನ ಸಾಲಲ್ಲಿ ಇರೋದು ಒಂದೇ ಜಾಗ. ಇಬ್ರಲ್ಲಿ ಒಬ್ರು ಸಾಕು," ಎಂದು ಡಾನ್ಸ್ ಮಾಸ್ಟರು ಮುಲಾಜಿಲ್ಲದೆ ಹೇಳಿಬಿಟ್ಟ. "ಹಾಡು ಹಾಕ್ತೀನಿ, ಕುಣೀರಿ."

ಆಯ್ಕೆಗೆ ಬಂದವರಲ್ಲಿ ಕೊನೆಗೆ ಉಳಿದವರು ಕಾಜಕ್ಕ ಮತ್ತು ಗುಂಡಿ. ಬಟ್ಟೆ ಫ್ಯಾಕ್ಟರಿಯಲ್ಲಿ ಒಬ್ಬಳು ಅಂಗಿಯ ಗುಂಡಿ ತೂತಿಗೆ ಕಾಜಾ ಹೊಡೆಯುತ್ತಿದ್ದಳು, ಪಕ್ಕದ ಮಿಷಿನ್ನಿನವಳು ಗುಂಡಿ ಹಚ್ಚುತ್ತಿದ್ದಳು. ಹೆಸರು ಹಾಗೇ ಅಂಟಿಕೊಂಡಿತ್ತು. ಹನ್ನೊಂದು ವರ್ಷ ಊಟದ ಬಿಡುವಿನಲ್ಲಿ ರಟ್ಟಿನ ಪೆಟ್ಟಿಗೆಗಳ ಹಿಂದೆ ಇಬ್ಬರೂ ಕುಣಿದಿದ್ದರು. ಆ ಇಪ್ಪತ್ತು ನಿಮಿಷ ಸೂಪರ್‌ವೈಸರನ ಕಾಟವೂ ಇಲ್ಲ, ಮನೆಯ ರಗಳೆಯೂ ಇಲ್ಲ. ಈಗ ಫ್ಯಾಕ್ಟರಿಗೆ ಬೀಗ ಬಿದ್ದು ನಾಲ್ಕು ತಿಂಗಳು. ಆ ಹಾಳು ಕುಣಿತವೇ ಅನ್ನ ಹಾಕಬೇಕು! ಕಾಜಕ್ಕನ ಗಂಡನಿಗೂ ಕೆಲಸವಿಲ್ಲ, ಗುಂಡಿಗೆ ಗಂಡನೇ ಇಲ್ಲ. ಯಾರ ಕಷ್ಟ ದೊಡ್ಡದು ಅಂತ ತೂಗುತ್ತ ಕೂತರೆ ಕಾಲೇ ಏಳುವುದಿಲ್ಲ ಎಂದು ಕಾಜಕ್ಕ ಹಲ್ಲು ಕಚ್ಚಿದಳು.

ಹಾಡು ಶುರುವಾಯಿತು. ಗುಂಡಿಯದು ಏನು ಕುಣಿತ ಅಂತೀರಿ! ಮೈಯಲ್ಲಿ ಮೂಳೆಯೇ ಇಲ್ಲವೇನೋ. ಮಾಸ್ಟರನ ಕಣ್ಣು ಅವಳ ಮೇಲೇ ನೆಟ್ಟಿತ್ತು. ಕಾಜಕ್ಕ ಹೆಜ್ಜೆ ಇನ್ನಷ್ಟು ಜೋರು ಮಾಡಿದಳು.

ಅಷ್ಟರಲ್ಲಿ ಹಿಂದಿನ ಬೀದಿಯ ಯಾವುದೋ ಕಾರ್ಖಾನೆಯ ಸೈರನ್ ಕೂಗಿತು. ಇಬ್ಬರೂ ಗಕ್ಕನೆ ನಿಂತು ಎರಡೂ ಕೈ ಮೇಲೆತ್ತಿದರು. ಫ್ಯಾಕ್ಟರಿಯ ಪಾಠವೇ ಅದು: ಸೈರನ್ ಕೂಗಿತೋ, ಪೆಡಲಿನಿಂದ ಕಾಲು ತೆಗಿ, ಕೈ ಎತ್ತು. ಎಲ್ಲರ ಕೈ ಕಂಡಮೇಲೇ ಸೂಪರ್‌ವೈಸರು ಕರೆಂಟು ತೆಗೆಯುತ್ತಿದ್ದ.

ಎತ್ತಿದ ಕೈ ಎತ್ತಿದಂತೆಯೇ ಒಬ್ಬರನ್ನೊಬ್ಬರು ನೋಡಿದರು. "ಅಯ್ಯೋ ನಮ್ ಹಣೆಬರಹವೇ! ಕೆಲಸ ಹೋದ್ರೂ ಸೈರನ್ ಬಿಡಲ್ವಲ್ಲೇ!" ಎಂದು ಗುಂಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಜಕ್ಕನಿಗೂ ನಗು ಉಕ್ಕಿ ಬಂತು. ನುಂಗಿಕೊಂಡಳು. ಎತ್ತಿದ ಕೈಗಳನ್ನು ಬಳುಕಿಸಿ, ಅದೂ ಒಂದು ಹೆಜ್ಜೆಯೇ ಎಂಬಂತೆ ಕುಣಿತ ಮುಂದುವರಿಸಿದಳು.

"ನೀವು ಶುಕ್ರವಾರ ಬನ್ನಿ," ಎಂದು ಮಾಸ್ಟರು ಕಾಜಕ್ಕನಿಗೆ ಹೇಳಿದ.

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಕಾಜಕ್ಕನಿಗೆ ಖುಷಿ, ಖುಷಿಪಟ್ಟಿದ್ದಕ್ಕೆ ನಾಚಿಕೆ. "ನೀನು ನಗಬಾರದಿತ್ತು ಕಣೇ," ಎಂದಳು ಕೊನೆಗೆ, ಬೈಯುವವಳಂತೆ.

ಗುಂಡಿ ಬ್ಯಾಗನ್ನು ಕಂಬಕ್ಕೆ ಒರಗಿಸಿಟ್ಟಳು. "ಮೂರನೇ ಹೆಜ್ಜೇಲಿ ನಿನ್ನ ಎಡಗಾಲು ತಡವಾಗತ್ತೆ. ಶುಕ್ರವಾರಾನೂ ಹಿಂಗೇ ಕುಣಿದ್ರೆ ವಾಪಸ್ ಕಳಿಸ್ತಾನೆ ಅವನು. ಇಲ್ಲಿ ನೋಡು."

ಫುಟ್‌ಪಾತಿನ ಮೇಲೇ ಎಣಿಸುತ್ತ ಕುಣಿದು ತೋರಿಸಿದಳು. ಕಾಜಕ್ಕ ಅವಳ ಕಾಲನ್ನಷ್ಟೇ ನೋಡುತ್ತ ಹೆಜ್ಜೆ ಹಾಕಿದಳು, ಮುಖ ನೋಡಲಿಲ್ಲ. ಜನ ಅವರನ್ನು ಬಳಸಿಕೊಂಡು ಹೋದರು.

"ಇನ್ನೊಂದ್ಸಲ," ಎಂದಳು ಗುಂಡಿ, ಮತ್ತೆ ಒಂದರಿಂದ ಎಣಿಸುತ್ತ.

ಅವರ ಬಸ್ಸು ಬಂತು, ನಿಂತಿತು, ಹೋಯಿತು.