ಬೋರಲು ಹಾಕಿದ ಲಾರಿ

ಅದು ಶುರುವಾದದ್ದು ಚಳಿಗಾಲದ ಕೊನೆಯಲ್ಲಿ, ಬಿಸಿಲು ಕಿಟಕಿ ಹತ್ತಿ ಒಳಗೆ ಬರಲು ಇನ್ನೂ ಸ್ವಲ್ಪ ಹೊತ್ತಿರುವಾಗ. ರಟ್ಟಕ್ಕ ಒಲೆಯ ಮೇಲೆ ಅಂಟು ಕಾಯಿಸುತ್ತಿದ್ದಳು. ಮೈದಾ ಹಿಟ್ಟಿನ ಅಂಟು ತಳ ಹಿಡಿಯಬಾರದು ಅಂದರೆ ಕೈ ಬಿಡದೆ ತಿರುವುತ್ತಲೇ ಇರಬೇಕು. ಹಾಗಾಗಿ ಬಾಗಿಲು ಬಡಿದ ಸದ್ದಿಗೆ ಅವಳು ಏಳಲಿಲ್ಲ. "ತೆಗೆದೇ ಇದೆ, ತಳ್ಳಿ" ಅಂದಳು.

ತಳ್ಳಿಕೊಂಡು ಬಂದವಳು ತಮ್ಮನ ಹೆಂಡತಿ. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಬಟ್ಟೆಯ ಚೀಲ. ಅವಳ ಮುಖ ನೋಡಿದ ಕೂಡಲೇ ರಟ್ಟಕ್ಕನ ಕೈ ನಿಂತಿತು. ಅವತ್ತಿನ ಅಂಟು ತಳ ಹಿಡಿಯಿತು.

"ಇವಳು ಸ್ವಲ್ಪ ದಿವಸ ನಿಮ್ಮ ಹತ್ರ ಇರ್ಲಿ ಅಕ್ಕಾ" ಅಂದಳು ಅವಳು, ಮಗುವಿನ ತಲೆಯ ಮೇಲಿಂದ. ಆಮೇಲೆ ಹಿತ್ತಲಿನ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಉಳಿದದ್ದನ್ನು ಹೇಳಿದಳು. ರಸ್ತೆಯ ತಿರುವಿನಲ್ಲಿ ಲಾರಿ ತಲೆಕೆಳಗಾಗಿತ್ತು. ರಟ್ಟಕ್ಕನ ತಮ್ಮ ಅದರೊಳಗೆ ಇದ್ದ.

ಯಾರಾದರೊಬ್ಬರು ಮಗುವಿನ ಹತ್ತಿರ ಇರಲೇಬೇಕಿತ್ತು. ಹೆಂಡತಿ ಹೋದಳು, ಅಕ್ಕ ಉಳಿದಳು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮನ ಮುಖವನ್ನು ಕೊನೆಯ ಸಲ ನೋಡುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ.

"ಅಪ್ಪ ಎಲ್ಲಿ ಅತ್ತೆ?" ಅಂತ ಮಗು ಕೇಳಿದಾಗ, ಬಾಯಿಗೆ ಬಂದದ್ದನ್ನೇ ಅಂದಳು: "ದೂರದ ಲೋಡಿಗೆ ಹೋಗಿದಾನೆ ಕಣೆ. ಬಹಳ ದೂರ."

ರಟ್ಟಕ್ಕ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಓಣಿ ಇಟ್ಟದ್ದು. ಗಂಡ ಇದ್ದಾಗಲೂ, ಹೋದ ಮೇಲೂ ಅವಳ ಬಾಳೆಲ್ಲ ರಟ್ಟಿನ ಪೆಟ್ಟಿಗೆಯಲ್ಲೇ ಕಳೆದಿತ್ತು. ಚಪ್ಪಲಿಗೆ, ಅಂಗಿಗೆ, ಗಾಜಿನ ಲೋಟಕ್ಕೆ, ಯಾವ ಅಂಗಡಿಯವರು ಯಾವ ಅಳತೆ ಕೇಳಿದರೂ ಅವಳ ಕತ್ತರಿ ತಪ್ಪುತ್ತಿರಲಿಲ್ಲ. ಮುಂದಿನ ಕೋಣೆಯ ತುಂಬ ಹಲಗೆ, ಹಲಗೆಯ ತುಂಬ ಪೆಟ್ಟಿಗೆ. ಅಂಟು ಹಚ್ಚಿದ ಪೆಟ್ಟಿಗೆಯನ್ನು ಬೋರಲು ಹಾಕಬೇಕು, ಅಂದರೆ ಬಾಯಿ ಕೆಳಗೆ ಮಾಡಿ ಇಡಬೇಕು. ಇಲ್ಲದಿದ್ದರೆ ಗೋಡೆಗಳು ಹೊರಗೆ ಬಾಗಿಕೊಂಡು ಒಣಗುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕಲಿಸಿದ ಪಾಠ ಅದು: "ಬಾಯಿ ಬಿಟ್ಟುಕೊಂಡು ಒಣಗಿದ ಪೆಟ್ಟಿಗೇನೂ ಒಂದೇ, ಬಾಯಿ ಬಿಟ್ಟುಕೊಂಡು ಕೂತ ಸೊಸೇನೂ ಒಂದೇ." ಆಗಿನಿಂದ ಸಂಜೆಯಾದರೆ ಸಾಕು, ಕೈ ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಬೋರಲು ಹಾಕುತ್ತಾ ಹೋಗುತ್ತಿತ್ತು. ತಲೆಯನ್ನು ಕೇಳುತ್ತಿರಲಿಲ್ಲ.

ಮಗುವಿಗೂ ಒಂದು ಅಡ್ಡಹೆಸರಿತ್ತು. ಹುಟ್ಟಿದಾಗ ಅದು ಅತ್ತ ಅಳು ಕೇಳಿ ಅಪ್ಪ, "ನನ್ನ ಲಾರಿಗಿಲ್ಲದ ಹಾರನ್ ಇದಕ್ಕಿದೆಯಲ್ಲೇ!" ಅಂದಿದ್ದ. ಅಂದಿನಿಂದ ಅವಳು ಹಾರನ್ನು. ಅಂಥ ಹಾರನ್ನು ಈಗ ಬಾಗಿಲ ಹತ್ತಿರ ಕೂತರೆ ಕೂತಲ್ಲೇ. ಓಣಿಯ ತುದಿಯಲ್ಲಿ ದೊಡ್ಡ ಗಾಡಿಯ ಸದ್ದಾದರೆ ಕತ್ತು ಉದ್ದ ಮಾಡುವಳು, ಸದ್ದು ದಾಟಿ ಹೋದರೆ ಕತ್ತು ಒಳಗೆ.

ಅದನ್ನು ನೋಡಲಾರದೆ ರಟ್ಟಕ್ಕ ಒಂದು ದಿನ ಮಿಕ್ಕ ರಟ್ಟಿನ ಚೂರು ಹರಡಿಕೊಂಡು ಕರೆದಳು. "ಬಾರೆ ಇಲ್ಲಿ. ಸುಮ್ನೆ ಕೂತ್ರೆ ಸೊಂಟ ಹಿಡಿಯುತ್ತೆ. ಬಸ್ಸು ಮಾಡೋಣ."

"ರಟ್ಟಲ್ಲಿ ಬಸ್ಸಾ?"

"ಬಸ್ಸು ಅಂದ್ರೇನು ಮತ್ತೆ? ಕಿಟಕಿ ಇರೋ ಪೆಟ್ಟಿಗೆ."

ಮಡಿಸುವ ಕಡೆ ಮೊದಲು ಕತ್ತರಿಯ ಬೆನ್ನಿನಿಂದ ಗೀರಬೇಕು, ಆಗ ರಟ್ಟು ಹೇಳಿದ ಮಾತು ಕೇಳುತ್ತದೆ. ಚಕ್ರಕ್ಕೆ ಎರಡು ಪದರ ಅಂಟಿಸಬೇಕು. ಅಚ್ಚಿಗೆ ಪೊರಕೆಕಡ್ಡಿ, ಕಡ್ಡಿ ತಿರುಗಲಿಕ್ಕೆ ಖಾಲಿ ರೀಫಿಲ್ಲಿನ ತುಂಡು. ರೀಫಿಲ್ಲಿಗೆ ಅಂಟು ಹಚ್ಚಬೇಕು, ಕಡ್ಡಿಗೆ ತಾಗಬಾರದು. ಹಾರನ್ನು ಮೊದಲ ಬಸ್ಸಿಗೆ ಎಲ್ಲಕ್ಕೂ ಅಂಟು ಮೆತ್ತಿದಳು. ಬಸ್ಸು ನಿಂತಲ್ಲೇ ನಿಂತಿತು.

"ಇದು ಯಾಕೆ ಓಡಲ್ಲ ಅತ್ತೆ?"

"ಡ್ರೈವರ್ ಟೀ ಕುಡಿಯೋಕೆ ಇಳಿದಿರ್ಬೇಕು" ಅಂತ ಬಾಗಿಲಿನಿಂದ ಒಂದು ದನಿ ಬಂತು. ಪೆಟ್ಟಿಗೆಗಳನ್ನು ಅಂಗಡಿಗಳಿಗೆ ಸಾಗಿಸುವ ಗಾಡಿಯಣ್ಣ ಅವನು. ಮೂರು ಚಕ್ರದ ಗಾಡಿ ತುಳಿದು ತುಳಿದು ಅವನ ಕಾಲುಗಳು ಬಿದಿರಿನಂತಾಗಿದ್ದವು.

"ನಿಮ್ಮ ಗಾಡಿಗೆ ಇಂಜಿನ್ನೇ ಇಲ್ಲ" ಅಂದಳು ಹಾರನ್ನು.

"ಇಂಜಿನ್ನು ನಾನೇ ಕಣಮ್ಮಾ. ಟೀ ಹಾಕಿದ್ರೆ ಓಡುತ್ತೆ."

"ಹೊಗೆ ಬರುತ್ತಾ?"

"ನಿಮ್ಮತ್ತೆ ಬೈದಾಗ ಕಿವಿಯಲ್ಲಿ ಬರುತ್ತೆ. ನೋಡ್ತಿರು."

ಅಷ್ಟು ದಿನಗಳಲ್ಲಿ ಮಗು ಮೊದಲ ಸಲ ನಕ್ಕದ್ದು ಅವತ್ತು. ಆಮೇಲೆ ಕಾರು ಬಂತು, ಜೀಪು ಬಂತು, ನೀರಿನ ಟ್ಯಾಂಕರು ಬಂತು. ಶಾಲೆಯಿಂದ ಬಂದವಳು ಚೀಲ ಎಸೆದು ನೇರ ಕತ್ತರಿಗೆ ಕೈ ಹಾಕುವಳು. ಪಕ್ಕದಲ್ಲಿ ಅತ್ತೆ ಚಪ್ಪಲಿ ಪೆಟ್ಟಿಗೆ ಮಡಿಸುವಳು. ಒಂದೇ ಅಂಟಿನ ಬಟ್ಟಲು, ಎರಡು ಕೈ. ಮಕ್ಕಳಿಲ್ಲದ ಆ ಮನೆಯಲ್ಲಿ ರಟ್ಟಕ್ಕನಿಗೆ ಯಾರಾದರೂ ಇಷ್ಟು ಹತ್ತಿರ ಕೂತು ಯಾವ ಕಾಲವಾಗಿತ್ತೋ.

ಮಗುವಿನ ತಾಯಿಗೆ ಬೇರೆ ಊರಿನಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಸಿಕ್ಕಿತ್ತು. ಜೊತೆಗೆ ಒಂದು ಕೋಣೆಯೂ. ಭಾನುವಾರ ಭಾನುವಾರ ಫೋನು ಮಾಡುವಳು. ಮಗಳ ಹತ್ತಿರ ಊಟ, ಸ್ನಾನ, ಶಾಲೆ ಅಂತ ಮಾತಾಡಿ ಆಮೇಲೆ "ಅತ್ತೆಗೆ ಕೊಡು" ಅನ್ನುವಳು.

"ಹೇಳಿದ್ರಾ ಅಕ್ಕಾ?"

"ಇನ್ನೂ ಇಲ್ಲಮ್ಮ. ನೆಗಡಿ ಅವಳಿಗೆ."

"ನನ್ನ ಬಾಯಲ್ಲಿ ಅದು ಬರಲ್ಲ. ನೀವು ಹೇಳಿ ಅಕ್ಕಾ. ಹೇಳದೇ ಕರ್ಕೊಂಡು ಬಂದ್ರೆ ದಿನಾ ಸಂಜೆ ಇಲ್ಲಿ ಬಾಗಿಲು ನೋಡ್ಕೊಂಡು ಕೂತ್ಕೊಳ್ತಾಳೆ. ಅದನ್ನ ನೋಡೋ ಶಕ್ತಿ ನನಗಿಲ್ಲ. ನೀವು ಹೇಳಿದ ದಿನವೇ ನಾನು ಬಂದು ಕರ್ಕೊಂಡು ಹೋಗ್ತೀನಿ."

ಹೇಳಿದ ದಿನವೇ. ಆ ಮಾತು ರಟ್ಟಕ್ಕನ ಎದೆಯಲ್ಲಿ ಮುಳ್ಳಾಗಿ ಕೂತಿತು. ಹೇಳದಿದ್ದರೆ ಮಗು ಇಲ್ಲಿರುತ್ತದೆ, ಹೇಳಿದರೆ ಹೋಗುತ್ತದೆ. ಲೆಕ್ಕ ಅಷ್ಟು ಸುಲಭವಾಗಿತ್ತು. ನೆಗಡಿ ಹೋದ ಮೇಲೆ ಪರೀಕ್ಷೆ ಬಂತು, ಪರೀಕ್ಷೆ ಆದ ಮೇಲೆ ಹಲ್ಲು ಬಿದ್ದ ನೋವು. ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಓಡಾಡಿದಳು. ಸುಡುತ್ತಿತ್ತು, ಕೊಡವಿ ಹಾಕಲಾರಳು.

ಗಾಡಿಯಣ್ಣ ಪೆಟ್ಟಿಗೆ ಕಟ್ಟುತ್ತಾ ದನಿ ತಗ್ಗಿಸಿ ಕೇಳುವನು. "ಹೇಳಿದ್ಯೇನಕ್ಕಾ?"

"ಹೇಳ್ತೀನಿ. ನಿನಗ್ಯಾಕೆ ಅವಸರ?"

"ನನಗೇನು ಅವಸರ. ಓಣಿಗೆಲ್ಲಾ ಗೊತ್ತಿರೋದು ಆ ಮಗೂಗೆ ಒಂದಕ್ಕೇ ಗೊತ್ತಿಲ್ಲ. ಅದು ಸರೀನಾ?"

"ನಿನ್ನ ಗಾಡಿ ನೀನು ತುಳಿ" ಅನ್ನುವಳು ರಟ್ಟಕ್ಕ.

ಹಾರನ್ನು ಎಲ್ಲ ಬಗೆಯ ಗಾಡಿ ಮಾಡಿದರೂ ಲಾರಿ ಮಾಡಿರಲಿಲ್ಲ. "ಅಪ್ಪ ಬರ್ಲಿ, ಅವನನ್ನ ಕೇಳಿ ಮಾಡ್ತೀನಿ" ಅನ್ನುತ್ತಿದ್ದಳು. ಬೇಸಗೆ ಬಲಿಯಿತು. ಶಾಲೆಗೆ ರಜೆ ಬಂತು. ಒಂದು ದಿನ ಅವಳೇ ಎದ್ದು ದೊಡ್ಡ ರಟ್ಟು ಆರಿಸಿಕೊಂಡಳು. "ಬರೋ ಹೊತ್ತಿಗೆ ರೆಡಿ ಇರ್ಲಿ ಅತ್ತೆ. ನೋಡಿ ಖುಷಿ ಆಗ್ತಾನೆ."

ಆ ಲಾರಿಗೆ ಬಹಳ ದಿನ ಹಿಡಿಯಿತು. ಮುಂದಿನ ಕ್ಯಾಬಿನ್ನಿಗೆ ಹಸಿರು ಕಾಗದ, ಅದರ ಮೇಲ್ಛಾವಣಿ ಇನ್ನೂ ಬಾಕಿ. ಅಪ್ಪನ ಲಾರಿಯ ಒಂದು ಹೆಡ್‌ಲೈಟು ಒಡೆದು ಬೇರೆಯದು ಹಾಕಿದ್ದರಂತೆ, ಅದಕ್ಕೆ ಒಂದು ದೀಪ ಬೆಳ್ಳಿ ಕಾಗದದ್ದು, ಇನ್ನೊಂದು ಹಳದಿ. ಹಿಂದಿನ ತೊಟ್ಟಿಯ ಪಕ್ಕದ ಹಲಗೆಗಳು ಬಿಚ್ಚಬೇಕು, ಮುಚ್ಚಬೇಕು. ಮಗುವಿಗೆ ಎಲ್ಲ ನೆನಪಿತ್ತು. ಕೊನೆಯ ಸಂಜೆ ಕಾಗದ ಸುರುಳಿ ಸುತ್ತಿ ಒಬ್ಬ ಮನುಷ್ಯನನ್ನು ಮಾಡಿ, ಮೀಸೆ ಬರೆದು, ಹಸಿ ಅಂಟು ಮೆತ್ತಿದ ಸೀಟಿನ ಮೇಲೆ ಕೂರಿಸಿ ಮಲಗಲು ಹೋದಳು. ಅತ್ತೆಗೆ ಅದನ್ನು ತೋರಿಸಲಿಲ್ಲ. ಬೆಳಿಗ್ಗೆ ತೋರಿಸೋಣ ಅಂತಿದ್ದಳು.

ರಟ್ಟಕ್ಕ ಒಳಗೆ ಪಾತ್ರೆ ತೊಳೆದು ಬಂದು, ದಿನದ ಪೆಟ್ಟಿಗೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಾ ಬಂದಳು. ಕೊನೆಯಲ್ಲಿ ಲಾರಿ ಇತ್ತು. ತೊಟ್ಟಿ ಮುಟ್ಟಿದರೆ ಹಸಿ ಹಸಿ. ಕೈ ಅದನ್ನೂ ಎತ್ತಿತು. ತಿರುಗಿಸಿತು. ಚಕ್ರ ಮೇಲೆ ಮಾಡಿ ಹಲಗೆಯ ಮೇಲೆ ಇಟ್ಟಿತು.

ಬೆಳಿಗ್ಗೆ ಒಲೆಯ ಮುಂದೆ ಅಂಟು ತಿರುವುತ್ತಿದ್ದವಳಿಗೆ ಮುಂದಿನ ಕೋಣೆಯಲ್ಲಿ ಮಗು ಎದ್ದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಬಗ್ಗಿ ನೋಡಿದಳು. ಹಾರನ್ನು ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಅತ್ತೆ, ಇದನ್ನ ಯಾರು ಬೀಳಿಸಿದ್ದು?"

"ಯಾರೂ ಬೀಳಿಸಿಲ್ಲ ಕಣೆ. ನಾನೇ ಬೋರಲು ಹಾಕಿದ್ದು. ಅಂಟು ಒಣಗ್ಲಿ ಅಂತ."

"ಒಳಗೆ ಅಪ್ಪ ಇದಾನೆ."

ರಟ್ಟಕ್ಕನಿಗೆ ತಕ್ಷಣ ತಿಳಿಯಲಿಲ್ಲ. ಬಂದು ಲಾರಿ ಎತ್ತಿದಳು. ಸೀಟಿನಿಂದ ಕಳಚಿದ ಕಾಗದದ ಮನುಷ್ಯ ತಲೆಕೆಳಗಾಗಿ ಬಿದ್ದು, ಇಳಿದ ಅಂಟಿನಲ್ಲಿ ಹಲಗೆಗೆ ಕಚ್ಚಿಕೊಂಡಿದ್ದ. ಬಿಡಿಸಲು ಹೋದರೆ ಅರ್ಧ ಮೈ ಕೈಗೆ ಬಂತು, ಮೀಸೆಯ ಮುಖ ಹಲಗೆಯ ಮೇಲೇ ಉಳಿಯಿತು.

ನಲ್ಲಿಯ ಸದ್ದಿನ ಮರೆಯಲ್ಲಿ ಅಳುವುದನ್ನು ಕಲಿತಿದ್ದವಳು ಅವತ್ತು ಆ ಮಗುವಿನ ಎದುರಿಗೇ ಕುಸಿದು ಕೂತಳು. "ಅಯ್ಯೋ ನನ್ನ ತಮ್ಮಾ" ಅನ್ನುವುದು ಗಂಟಲು ದಾಟಿ ಹೊರಗೇ ಬಂದುಬಿಟ್ಟಿತು. ಒಳಗೆ ಅಂಟು ಸೀಯತೊಡಗಿತು.

ಹಾರನ್ನು ಅತ್ತೆಯ ಮುಖವನ್ನೇ ನೋಡಿದಳು. ಲಾರಿ ನೋಡಿದಳು. ಮತ್ತೆ ಅತ್ತೆಯನ್ನು ನೋಡಿದಳು.

"ನಿಜವಾಗ್ಲೂ ಹೀಗೇ ಆಯ್ತಾ?"

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಹೌದು ಕಣೆ" ಅಂದಳು ರಟ್ಟಕ್ಕ. "ಹೀಗೇ ಆಯ್ತು. ಅಪ್ಪ ಇನ್ನು ಬರಲ್ಲ. ನಾನು ನಿನಗೆ ಸುಳ್ಳು ಹೇಳಿದ್ದೆ."

ಮಗು ಅಳಲಿಲ್ಲ. ಬಹಳ ಹೊತ್ತು ಪೊರಕೆಕಡ್ಡಿಯ ಅಚ್ಚಿನ ಮೇಲೆ ಒಂದು ಚಕ್ರವನ್ನು ತಿರುಗಿಸುತ್ತಾ ಕೂತಿತು. ಆಮೇಲೆ ಕೇಳಿತು: "ಆಮೇಲೆ ಲಾರೀನ ನೆಟ್ಟಗೆ ಮಾಡಿದ್ರಾ?"

"ಮಾಡಿರ್ತಾರೆ."

"ಯಾರು?"

"ಕ್ರೇನು ಬಂದಿರುತ್ತೆ. ದೊಡ್ಡದು."

"ನೀನು ನೋಡಿದ್ಯಾ?"

"ಇಲ್ಲ. ನಾನು ನಿನ್ನ ಹತ್ರ ಇದ್ದೆ."

ಅಳು ಬಂದದ್ದು ಆಗ. ಹುಟ್ಟಿದಾಗ ಅತ್ತಿತ್ತಲ್ಲ, ಅಂಥದೇ ಅಳು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.

ಮಧ್ಯಾಹ್ನ ಮಗು ನಿದ್ದೆ ಹೋದ ಮೇಲೆ ರಟ್ಟಕ್ಕ ತಾನೇ ಫೋನು ಮಾಡಿದಳು. ಭಾನುವಾರ ಅಲ್ಲದ ದಿನ ಅವಳು ಫೋನು ಮಾಡಿದ್ದೇ ಇಲ್ಲ. ಆ ಕಡೆಯವಳು "ಅಕ್ಕಾ?" ಅಂದಳು, ಅಷ್ಟೇ.

"ಹೇಳ್ದೆ. ಬಾ."

ತಾಯಿಗೆ ತಕ್ಷಣ ರಜೆ ಸಿಗಲಿಲ್ಲ. ಆ ನಡುವೆ ಅತ್ತೆ, ಸೊಸೆ ಕೂತು ಕ್ರೇನು ಮಾಡಿದರು. ಮಗು ಕೇಳಿತ್ತು, ಇಲ್ಲ ಅನ್ನಲು ರಟ್ಟಕ್ಕನಿಗೆ ಬಾಯಿ ಬರಲಿಲ್ಲ. ಉದ್ದದ ತೋಳಿಗೆ ಒಂದರ ಮೇಲೊಂದು ರಟ್ಟು, ತುದಿಗೆ ಬಗ್ಗಿಸಿದ ತಂತಿ, ದಾರ ಸುತ್ತಲಿಕ್ಕೆ ಖಾಲಿ ದಾರದ ರೀಲು. ಮೊದಲ ಸಲ ಲಾರಿಗೆ ಕೊಕ್ಕೆ ಹಾಕಿ ರೀಲು ತಿರುವಿದರೆ, ಅದು ಏಳುವ ಬದಲು ಕ್ರೇನೇ ಮುಂದಕ್ಕೆ ಮುಗ್ಗರಿಸಿತು.

ಗಾಡಿಯಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ನಿನ್ನ ಕ್ರೇನಿಗೆ ಊಟ ಸಾಲ್ದು ಕಣಮ್ಮಾ" ಅಂದ. ಹೊರಗೆ ಹೋಗಿ ಹಿಡಿ ಜಲ್ಲಿಕಲ್ಲು ತಂದು ಸುರಿದ. "ಹಿಂದೆ ಭಾರ ಇದ್ರೇ ಮುಂದಿನದು ಎತ್ತೋಕಾಗೋದು." ಕಲ್ಲನ್ನು ಕ್ರೇನಿನ ಬೆನ್ನಿನ ಪೆಟ್ಟಿಗೆಯೊಳಗೆ ತುಂಬಿದರು. ಈ ಸಲ ಲಾರಿ ಒಂದು ಮಗ್ಗುಲೆದ್ದು, ಓಲಾಡಿ, ದಪ್ ಅಂತ ನಾಲ್ಕೂ ಚಕ್ರದ ಮೇಲೆ ನಿಂತಿತು.

ಹಾರನ್ನು ಅದನ್ನು ಮತ್ತೆ ಉರುಳಿಸಿದಳು. ಮತ್ತೆ ಎತ್ತಿದಳು. ಸಂಜೆಯ ತನಕ ಅದೇ. ರಟ್ಟಕ್ಕ ಬೇಡ ಅನ್ನಲಿಲ್ಲ. ಉರುಳಿಸಿದಾಗಲೆಲ್ಲ ಅವಳ ಕತ್ತರಿ ನಿಲ್ಲುತ್ತಿತ್ತು, ಎದ್ದು ನಿಂತಾಗಲೆಲ್ಲ ಮತ್ತೆ ಓಡುತ್ತಿತ್ತು.

ತಾಯಿ ಬಂದಳು. ಕೈ ಸೋಪಿನ ನೀರಿಗೆ ಬಿಳಿಚಿಕೊಂಡಿತ್ತು. ಮಗಳು ಓಡಿಹೋಗಿ ಸೊಂಟ ತಬ್ಬಿಕೊಂಡಳು. ಇಬ್ಬರೂ ಬಾಗಿಲಲ್ಲೇ ನಿಂತು ಅತ್ತರು. ಒಳಗೆ ರಟ್ಟಕ್ಕ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. ಬಟ್ಟೆಯ ಮೇಲೆ ಕ್ರೇನು ಇಟ್ಟಳು, ತೋಳು ಮುರಿಯದ ಹಾಗೆ ಸುತ್ತ ಚಿಂದಿ ತುರುಕಿ.

"ನೀವೂ ಬನ್ನಿ ಅಕ್ಕಾ" ಅಂದಳು ತಮ್ಮನ ಹೆಂಡತಿ.

"ಒಂದು ಕೋಣೇಲಿ ನನ್ನ ರಟ್ಟು ಹಾಸಿದ್ರೆ ನೀವಿಬ್ರು ಎಲ್ಲಮ್ಮ ಮಲಗ್ತೀರಿ?" ಅಂತ ನಗಲು ನೋಡಿದಳು ರಟ್ಟಕ್ಕ. ನಗು ಅರ್ಧಕ್ಕೇ ನಿಂತಿತು.

ಹಾರನ್ನು ಲಾರಿಯನ್ನು ತೆಗೆದುಕೊಳ್ಳಲಿಲ್ಲ. ಸ್ಟೂಲು ಹತ್ತಿ ಅದನ್ನು ಹಲಗೆಯ ತುದಿಯಲ್ಲಿ ಇಟ್ಟಳು, ಚಕ್ರ ಕೆಳಗೆ, ಎರಡು ಬಣ್ಣದ ದೀಪ ಬಾಗಿಲ ಕಡೆಗೆ.

"ಅತ್ತೆ, ಇದನ್ನ ಬೋರಲು ಹಾಕ್ಬೇಡ."

"ಇಲ್ಲಮ್ಮ."

"ಮರ್ತು ಕೂಡ."

ಗಾಡಿಯಣ್ಣ ಅವರನ್ನು ತನ್ನ ಗಾಡಿಯಲ್ಲೇ ಬಸ್ಸಿನ ತನಕ ಬಿಟ್ಟುಬಂದ.

ಸಂಜೆ ರಟ್ಟಕ್ಕ ಎಂದಿನಂತೆ ಪೆಟ್ಟಿಗೆಗಳನ್ನು ಬೋರಲು ಹಾಕುತ್ತಾ ಬಂದಳು. ಕೊನೆಗೆ ಕೈ ಲಾರಿಯ ಮೇಲೂ ಹೋಯಿತು. ಅಲ್ಲಿ ನಿಂತಿತು. ಎಷ್ಟೋ ವರ್ಷಗಳಲ್ಲಿ ಆ ಕೈ ತಲೆಯನ್ನು ಕೇಳಿದ್ದು ಅದೇ ಮೊದಲು. ಒಣಗಿದ ತೊಟ್ಟಿಯನ್ನು ಸುಮ್ಮನೆ ಸವರಿ ಬಿಟ್ಟಳು.