ನಾಲ್ಕನೆಯ ಹಳಿ

'ಇಲ್ಲ' ಎಂದು ಬರೆದದ್ದು ಸುಳ್ಳಲ್ಲ. ಜನವರಿ ಹನ್ನೊಂದರ ಮಧ್ಯಾಹ್ನ ಅಲ್ಲಿ ಏನೂ ಇರಲಿಲ್ಲ. ಬಸ್ಸು ಬಿಂಕದಕಟ್ಟಿ ದಾಟುವಷ್ಟರಲ್ಲಿ ನಯಾಜ ಈ ಮಾತನ್ನು ಮೂರು ಸಲ ತನಗೆ ತಾನೇ ಹೇಳಿಕೊಂಡಿದ್ದ. ಮೂರು ಸಲವೂ ಮಾತು ಸರಿಯಾಗಿಯೇ ಇತ್ತು.

ತೊಡೆಯ ಮೇಲೆ ವರದಿಯಿತ್ತು. ನಾಲ್ಕುನೂರ ಹನ್ನೆರಡು ಪುಟ, ಹಸಿರು ರಟ್ಟು. ಕರೇಕಟ್ಟಿಯ ಒಣ ಬಂದರಿನ ರೈಲು ಯಾರ್ಡಿನಲ್ಲಿ ಈಗ ಎರಡು ಹಳಿ, ಆರು ಆಗಬೇಕು. ಗದಗ ಸೀಮೆಯ ಹತ್ತಿ, ಮೆಣಸಿನಕಾಯಿ, ಕಡಲೆ ಎಲ್ಲ ಇಲ್ಲಿಯೇ ಕಂಟೇನರು ಸೇರಿ, ಸೀಲು ಬಿದ್ದು, ನೇರ ಸಮುದ್ರದ ದಾರಿ ಹಿಡಿಯುತ್ತಿತ್ತು. ಹಳಿ ಹೆಚ್ಚಬೇಕೆಂದರೆ ಪರಿಸರದ ಅನುಮತಿ ಬೇಕು, ಅನುಮತಿಗೆ ವರದಿ ಬೇಕು. ಮೊದಲ ಪುಟದಲ್ಲಿ ತಯಾರಿಸಿದವರ ಹೆಸರು: ನಯಾಜ ಅಬ್ದುಲಗನಿ ನದಾಫ, ಎಂ.ಎಸ್ಸಿ. ಆ ಪುಟವನ್ನು ಅವನು ಬೆಳಗಿನಿಂದ ನಾಲ್ಕು ಸಲ ತೆಗೆದು ನೋಡಿದ್ದ.

ಇವತ್ತು ಕರೇಕಟ್ಟಿಯಲ್ಲಿ ಸಾರ್ವಜನಿಕ ಅಹವಾಲು ಸಭೆ. ತಕರಾರಿಲ್ಲದೆ ಮುಗಿದರೆ, ಅವನು ಕೆಲಸ ಮಾಡುವ ಸಮೀಕ್ಷೆಯ ಕಂಪನಿಯ ಹುಬ್ಬಳ್ಳಿ ಕಚೇರಿ ಅವನ ಕೈಗೆ. ಒಂದೇ ಒಂದು ತಕರಾರು ಖರೆಯೆಂದು ದಾಖಲಾದರೂ ಸಮೀಕ್ಷೆ ಮತ್ತೆ ಮೊದಲಿನಿಂದ, ಮೊದಲ ಪುಟದಲ್ಲಿ ಬೇರೆಯವರ ಹೆಸರು. ಊರು ಅವನದೇ. ಅದೇ ಅವನಿಗೆ ಅನುಕೂಲ ಎಂದು ಕಂಪನಿ ತಿಳಿದಿತ್ತು.

ಯಾರ್ಡಿನ ದಕ್ಷಿಣದ ಬಯಲಲ್ಲಿ, ನಾಲ್ಕನೆಯ ಹಳಿ ಹಾಯಬೇಕಾದ ಕಡೆ, ಮೊಹರಮ್ಮಿನ ಚಂದ್ರ ಕಂಡೊಡನೆ ಊರವರು ಅಲಾವಿ ಕುಣಿ, ಬೆಂಕಿ ಹಾಕುವ ದುಂಡನೆಯ ಗುಂಡಿ, ತೋಡುತ್ತಾರೆ. ಮೊದಲ ಗುದ್ದಲಿ ಹನಮಪ್ಪನ ಮನೆಯದು, ಮೊದಲ ಕೆಂಡ ನಯಾಜನ ಮನೆಯದು. ಹತ್ತು ದಿನ ಬೆಂಕಿ, ಅದರ ಸುತ್ತ ಹೆಜ್ಜೆ, ಹಾಡು. ಆಮೇಲೆ ಮಣ್ಣು ಮುಚ್ಚಿ ಸಮ ಮಾಡಿಬಿಡುತ್ತಾರೆ. ವರ್ಷದ ಮಿಕ್ಕ ದಿನಗಳಲ್ಲಿ ಅದು ಬರೀ ಬಯಲು.

ಸಮೀಕ್ಷೆಗೆ ಒಂದು ಋತು ಸಾಕು, ಮಳೆಗಾಲ ಬಿಟ್ಟು. ಮೊಹರಂ ಈಚಿನ ವರ್ಷಗಳಲ್ಲಿ ಮಳೆಗಾಲದಲ್ಲೇ ಬೀಳುತ್ತದೆ. ಫಾರ್ಮಿನಲ್ಲಿ 'ಧಾರ್ಮಿಕ ರಚನೆಗಳು: ಉದ್ದ, ಅಗಲ, ಎತ್ತರ' ಎಂದಿತ್ತು. ಆ ಗೆರೆಯ ಮೇಲೆ ಅವನ ಪೆನ್ನು ತುಸು ಹೊತ್ತು ನಿಂತದ್ದು ಖರೆ. ಇಲ್ಲದ್ದಕ್ಕೆ ಎತ್ತರ ಎಷ್ಟೆಂದು ಬರೆಯುವುದು? 'ಇಲ್ಲ' ಎಂದು ಬರೆದ. ಹುಟ್ಟಿದ ಊರೆಂದು ಮನಸ್ಸು ಮೆತ್ತಗಾಗಲು ಬಿಡಲಿಲ್ಲವಲ್ಲ ಎಂದು ಆ ಸಂಜೆ ಅವನಿಗೆ ಹೆಮ್ಮೆಯೇ ಆಗಿತ್ತು.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಅವನ ತಾಯಿ ಮೋತಿಬಿ, ಈದ್ ಹಬ್ಬದ ಜರಿಯ ಸೀರೆಯುಟ್ಟು, ಒಂಬತ್ತು ಗಂಟೆಗೇ ಬಂದು ಕೂತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಮೋತಿಬಿಯ ಹೆಗ್ಗಣವೋ ಎಂ.ಎಸ್ಸಿ. ಬೇರೆ ಮಾಡಿತ್ತು. ಅವಳು ವರದಿಯನ್ನು ಅವನ ಕೈಯಿಂದ ಕಸಿದುಕೊಂಡು ಸೆರಗಿನಿಂದ ಒರೆಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಇಷ್ಟೂ ನೀನಽ ಬರದಿ?"

"ಹೂಂ."

"ನಮ್ಮೂರಿಂದೆಲ್ಲಾ ಐತೇನು ಇದರಾಗ?"

"ಐತಿ."

"ಎಲ್ಲಾ?"

"ಬಿಸಲಾಗ ಕುಂಡ್ರಬ್ಯಾಡಮ್ಮಾ, ಈ ಕಡೆ ಸರಿ."

ಜಿಲ್ಲಾಡಳಿತದ ಸಾಹೇಬರು ಬಂದರು. ಸಭೆ ಶುರುವಾಯಿತು. ತಕರಾರು ಹೇಳಲು ಎದ್ದವರೆಲ್ಲ ಹೊಗಳಿಯೇ ಕೂತರು. "ಮುಂಬೈಗೆ ಬಂದರ ಐತಿ, ಮಂಗಳೂರಿಗೆ ಐತಿ, ಈಗ ನಮ್ಮ ಕರೇಕಟ್ಟಿಗೆ ಐತಿ! ನೀರಿಲ್ಲದ ಬಂದರ ಮಾಡಿದ ಗಂಡಸರು ನಾವು!" ಎಂದು ಹೊಳೆಯಪ್ಪ ಮೈಕಿನಲ್ಲಿ ಕೂಗಿದಾಗ ಶಾಮಿಯಾನ ಹಾರುವಷ್ಟು ಚಪ್ಪಾಳೆ.

ಮಂಜವ್ವ ಎದ್ದು, "ಮೆಣಸಿನಕಾಯಿ ಒಣಗಸಾಕ ಹಾಕಿರತೇವಿ, ಧೂಳ ಕುಂತರ ಯಾರ ತಗೋತಾರಪಾ ನಯಾಜ?" ಎಂದು ಕೇಳಿದಳು.

"ದಿನಕ್ಕೆರಡು ಬಾರಿ ನೀರು ಸಿಂಪಡಿಸಲಾಗುವುದು. ಮೂರು ಸಾಲು ಗಿಡಗಳನ್ನು ನೆಡಲಾಗುವುದು," ಎಂದ ನಯಾಜ. ಹೇಳಿ ಮುಗಿಸಿದ ಮೇಲೆ, ಚಿಕ್ಕಂದಿನಲ್ಲಿ ತನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳಿಗೆ ಪುಸ್ತಕದ ಭಾಷೆಯಲ್ಲಿ ಉತ್ತರ ಕೊಟ್ಟೆನೆಂದು ಹೊಳೆಯಿತು. ಮಂಜವ್ವನಿಗೆ ಬೇಜಾರೇನೂ ಆಗಲಿಲ್ಲ. "ಎಷ್ಟ ಚೆಂದ ಮಾತಾಡ್ತಾನ ನೋಡ," ಎಂದು ಪಕ್ಕದವಳಿಗೆ ಹೇಳಿದಳು.

ಆಗ ಹನಮಪ್ಪ ಎದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹನಮಪ್ಪ ಇನ್ನೂ ಬಾಯಿ ತೆರೆಯುವ ಮೊದಲೇ ನಯಾಜ ಇನ್ನೂರ ಆರನೆಯ ಪುಟ ತೆಗೆದಿದ್ದ.

"ಹಳಿ ಬ್ಯಾಡ ಅನ್ನಾಂಗಿಲ್ರಿ ಸಾಹೇಬ್ರ, ಹಾಕ್ರಿ. ಆದ್ರ ನಮ್ಮ ಅಲಾವಿ ಕುಣಿ ಆ ಬುಕ್ಕಿನಾಗ ಎಷ್ಟನೇ ಪುಟಕ್ಕ ಐತಿ, ಅದೊಂದ ಹೇಳ್ರಿ."

ಸಾಹೇಬರು ಪುಟ ನೋಡಿದರು. "ಇಲ್ಲಿ 'ಇಲ್ಲ' ಎಂದಿದೆ. ಅಲ್ಲಿ ಈಗ ಏನಾದರೂ ಇದೆಯೇ?"

"ಈಗ ಇಲ್ರಿ. ಚಂದ್ರ ಕಂಡ ಮ್ಯಾಲೆ ಇರತೈತ್ರಿ."

ಕಂಪನಿಯವರು ನಕ್ಕರು. ಸಾಹೇಬರು ನಗಲಿಲ್ಲ. "ನಯಾಜ್, ನೀವು ಇದೇ ಊರಿನವರಂತೆ. ಇದೆ ಎನ್ನಿ, ಬರೆದುಕೊಳ್ಳುತ್ತೇನೆ. ಇನ್ನೊಂದು ಸಮೀಕ್ಷೆಯಾಗಲಿ. ಇಲ್ಲ ಎನ್ನಿ, ಅದನ್ನೂ ಬರೆದುಕೊಳ್ಳುತ್ತೇನೆ."

ನಯಾಜ ಎದ್ದು ನಿಂತ. 'ಸಮೀಕ್ಷೆಯ ಅವಧಿಯಲ್ಲಿ' ಎಂಬ ಎರಡು ಶಬ್ದ ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಹೊರಗೆ ಬರಲಿಲ್ಲ. ಮೈಕು ಅವನ ಉಸಿರನ್ನು ಇಡೀ ಊರಿಗೆ ಕೇಳಿಸಿತು. ಮೋತಿಬಿ ಮಗನ ಮುಖ ನೋಡಿದಳು. ಓದು ಬಾರದವಳು ಆ ಮುಖವನ್ನು ಮಾತ್ರ ಪೂರ್ತಿ ಓದಿದಳು.

ಅವಳೇ ಎದ್ದಳು. "ನನ್ನ ಮಗ ಬರದಾನ್ರಿ ಅದನ್ನ. ಹದಿನೇಳು ವರ್ಷ ಸಾಲಿ ಕಲತಾನ. ಅವ ಇಲ್ಲಂತ ಬರದಾನಂದ್ರ, ಅಲ್ಲೇನೂ ಇಲ್ರಿ."

"ಅಕ್ಕಾ..." ಎಂದ ಹನಮಪ್ಪ.

"ಇಲ್ಲ ಹನಮಪ್ಪ."

ನಲವತ್ತು ವರ್ಷ ಆ ಕುಣಿಗೆ ಮೊದಲ ಕೆಂಡ ಅವಳ ಒಲೆಯಿಂದಲೇ ಹೋಗಿತ್ತು. ಹನಮಪ್ಪ ಅವಳನ್ನೇ ನೋಡಿದ. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಮೋತಿಬಕ್ಕ ಅಂದ ಮ್ಯಾಲೆ ಆತು ಬಿಡ್ರಿ," ಎಂದು ಕೂತ.

'ಆಕ್ಷೇಪಣೆ ಇಲ್ಲ' ಎಂದು ದಾಖಲಾಯಿತು. ಚಪ್ಪಾಳೆ ಬಿತ್ತು. ನಯಾಜನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಮೊದಲು ಎದೆ ಹಗುರಾಗಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಮೋತಿಬಿ ಸುತ್ತಲೂ ನೋಡುತ್ತಿದ್ದಳು, ಮಗನ ಮದುವೆಯಲ್ಲಿ ನೋಡಿದ ಹಾಗೆ.

ಕಡತಕ್ಕೆ ಜಾಗದ ಫೋಟೊ ಬೇಕಿತ್ತು, ಊರವರ ಸಮೇತ. ಫೋಟೊದವನ ಜೊತೆ ನಯಾಜ ಜೀಪಿನಲ್ಲಿ ಮುಂದೆ ಹೋದ. ಬಯಲಲ್ಲಿಳಿದು, ನಕಾಶೆ ನೋಡಿ, ನಾಲ್ಕನೆಯ ಹಳಿ ಹಾಯುವ ಕಡೆ ನಿಂತ. "ಅಲ್ಲೇ ಸರ್, ಅಲ್ಲಾಡಬೇಡಿ," ಎಂದ ಫೋಟೊದವನು.

ಊರು ಹಿಂದಿನಿಂದ ನಡೆದು ಬಂತು. ನಗುತ್ತ, ಬಂದರಿನ ಮಾತಾಡುತ್ತ ಬಂತು. ಬಯಲು ಖಾಲಿ; ಅಡ್ಡ ಹಾಯ್ದರೆ ಹತ್ತು ಹೆಜ್ಜೆ. ಯಾರೂ ಅಡ್ಡ ಹಾಯಲಿಲ್ಲ. ಒಬ್ಬರ ಹಿಂದೊಬ್ಬರು ಒಂದೇ ಕಡೆ ತಿರುಗಿ, ಕೆಳಗೆ ನೋಡದೆ, ಮಾತು ನಿಲ್ಲಿಸದೆ, ಅವನಿಂದ ದೂರವಾಗಿ ದುಂಡಗೆ ಬಳಸಿ ನಡೆದರು. ಅವರ ಕಾಲು ಸವೆಸಿದ ದಾರಿಯೂ ಹಾಗೆಯೇ ಬಳಸಿತ್ತು. ಜನವರಿಯಲ್ಲಿ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಅಮ್ಮಾ, ನೀ ಬಾ. ನನ್ನ ಬಾಜೂಕ ನಿಂದ್ರು."

ಮೋತಿಬಿ ದಾರಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟಳು. ಒಳಗೆ ಕಾಲಿಡಲಿಲ್ಲ. "ನಾ ಇಲ್ಲೇ ನಿಲ್ಲತೇನಿ."

"ಯಾಕ?"

"ಏನಿಲ್ಲ ಮಗನ. ನೀ ತಗಸ್ಕೊ."

ಅವಳ ಮುಖದಲ್ಲಿ ಈಗಲೂ ಹೆಮ್ಮೆಯೇ ಇತ್ತು. ಹನಮಪ್ಪ ಚಪ್ಪಲಿ ಬಿಟ್ಟ, ಮಂಜವ್ವ ಬಿಟ್ಟಳು, ಹೊಳೆಯಪ್ಪ ಬಿಟ್ಟ. ನಯಾಜ ತನ್ನ ಬೂಟು ನೋಡಿಕೊಂಡ. ಅವು ಮಣ್ಣಿನಲ್ಲಿ ಬೆರಳುದ್ದ ಇಳಿದಿದ್ದವು. ಸುತ್ತಲಿನದು ಗಟ್ಟಿ ಎರೆ ನೆಲ. ಅವನ ಕಾಲಡಿಯದು ಮಾತ್ರ ಮೆತ್ತಗೆ, ಬೂದಿ ಬಣ್ಣ.

"ಸರ್, ನಗಿ," ಎಂದ ಫೋಟೊದವನು.

ಸುತ್ತಲೂ ಊರು ಬರಿಗಾಲಲ್ಲಿ ದುಂಡಗೆ ನಿಂತು ಅವನನ್ನೇ ನೋಡುತ್ತಿತ್ತು. ಯಾವ ಕಡೆಯಿಂದ ಹೊರಗೆ ಬರಬೇಕೆಂದು ಅವನಿಗೆ ತಿಳಿಯಲಿಲ್ಲ.